ಮಗು ಮಲಗಿತ್ತು ಅನ್ನೋ ಮಾತನ್ನು ನಾನು ನಂಬಲ್ಲ

ತುಮಕೂರು ಕಡೆಯ ಒಬ್ಬ ತಾಯಿಯ ಪತ್ರ. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಪಾಠದ ಮಧ್ಯೆ ಎದ್ದು ಓಡಾಡುತ್ತಾನೆ. ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುತ್ತಾನೆ. ಪಕ್ಕದ ಹುಡುಗ ಮೈ ತಾಗಿಸಿದರೆ ಹೊಡೆದೇ ಬಿಡುತ್ತಾನೆ. ಶಾಲೆಯವರು ರಿಪೋರ್ಟ್ ತನ್ನಿ ಎಂದರು. ಗಂಡ ಹೆಂಡತಿ ಇಬ್ಬರೂ ಅವನನ್ನು ಒಂದು ಸೆಂಟರಿಗೆ ಕರೆದುಕೊಂಡು ಹೋದರು. ಒಂದೇ ಬೆಳಿಗ್ಗೆ ಎಲ್ಲ ಪರೀಕ್ಷೆ ಮುಗಿದು, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಒಂದು ಕಡೆ ಸುಮ್ಮನೆ ಕೂರಲಾಗದ ತೊಂದರೆ ಇರಬಹುದು ಎಂಬ ರಿಪೋರ್ಟ್ ಕೈಗೆ ಬಂತು. ‘ಮಾತ್ರೆ ಶುರು ಮಾಡಲಾ, ಇನ್ನೊಂದು ಕಡೆ ತೋರಿಸಲಾ?’ ಇದು ಆಕೆಯ ಪ್ರಶ್ನೆ.

ತಂಗಿ, ನಿಮ್ಮ ಪತ್ರದ ತುಂಬಾ ಶಾಲೆ, ಮಾರ್ಕ್ಸು, ಟೀಚರ್ ಹೇಳಿದ ಮಾತುಗಳೇ ಇವೆ. ಅವನ ಹಠಗಳನ್ನು ಹೇಳುತ್ತಾ ಒಂದು ಕಡೆ ಹೀಗೆ ಬರೆದಿದ್ದೀರಿ: ‘ಚಪ್ಪಲಿ ಹೊರಗೆ ಬಿಡು ಅಂದ್ರೆ ಕೇಳಲ್ಲ. ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗ್ತಾನೆ. ನಂದೂ ತಂದಿಡ್ತಾನೆ.’ ಕೊನೆಯಲ್ಲಿ, ಮರೆತಿದ್ದನ್ನು ಸೇರಿಸಿದ ಹಾಗೆ, ಇನ್ನೊಂದು ಮಾತು: ‘ಎರಡು ವರ್ಷದ ಹಿಂದೆ ಮನೇಲಿ ಸ್ವಲ್ಪ ಗಲಾಟೆ ಇತ್ತು. ಒಂದು ರಾತ್ರಿ ಮಗನನ್ನು ಎತ್ತಿಕೊಂಡು ಬರಿಗಾಲಲ್ಲಿ ಅಕ್ಕನ ಮನೆಗೆ ಓಡಿದ್ದೆ. ಅವನು ನಿದ್ದೆಗಣ್ಣಲ್ಲಿದ್ದ, ಏನೂ ಗೊತ್ತಾಗಿಲ್ಲ. ಈಗ ಇವರು ಕುಡಿಯೋದು ಬಿಟ್ಟಿದ್ದಾರೆ.’

ಈ ಎರಡನ್ನೂ ಒಟ್ಟಿಗೆ ಇಟ್ಟು ಇನ್ನೊಮ್ಮೆ ಓದಿ. ನಿಮ್ಮ ಚಪ್ಪಲಿ ಯಾಕೆ ತಂದಿಡುತ್ತಾನೆ ಅಂತ ಯಾವತ್ತಾದರೂ ಕೇಳಿದ್ದೀರಾ? ಮಗು ಮಲಗಿತ್ತು ಅನ್ನೋ ಮಾತನ್ನು ಈ ಅಂಕಣದಲ್ಲಿ ನಾನು ಯಾವತ್ತೂ ಒಪ್ಪಿಲ್ಲ. ಪಾತ್ರೆ ಬಿದ್ದ ಸದ್ದು, ಅಮ್ಮನ ಏದುಸಿರು, ಎಲ್ಲಾ ಮಕ್ಕಳಿಗೆ ಗೊತ್ತಾಗುತ್ತದೆ. ಮುಂದಿನ ಸಲ ಓಡಬೇಕಾದರೆ ಅಮ್ಮನ ಕಾಲು ಬರಿದಾಗಿರಬಾರದು ಅಂತ ಆ ಹುಡುಗ ದಿನಾ ರಾತ್ರಿ ತಯಾರಿ ಮಾಡಿಕೊಳ್ಳುತ್ತಿದ್ದಾನೆ ಅಂತಲೇ ನನಗನ್ನಿಸುತ್ತದೆ. ಅಷ್ಟು ಎಚ್ಚರವಾಗಿರುವ ಮಗು ಕ್ಲಾಸಿನಲ್ಲಿ ಬೋರ್ಡ್ ನೋಡುತ್ತಾ? ಬಾಗಿಲು ನೋಡುತ್ತದೆ.

ಚಡಪಡಿಕೆ, ಗಮನ ನಿಲ್ಲದಿರುವುದು, ಸಿಟ್ಟು, ನಿದ್ದೆ ಕೆಡುವುದು ಎಡಿಎಚ್‌ಡಿಯಲ್ಲೂ ಕಾಣಿಸುತ್ತವೆ, ಹೆದರಿದ ಮಗುವಿನಲ್ಲೂ ಕಾಣಿಸುತ್ತವೆ. ಟಿಕ್ ಹಾಕುವ ಫಾರಮ್ಮಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಎರಡೂ ಒಟ್ಟಿಗೇ ಇರಬಹುದು ಕೂಡ. ಅದಕ್ಕೇ ಮನೆಯಲ್ಲಿ ಏನಾಯಿತು ಅಂತ ಕೇಳಿ ತಿಳಿಯದೆ ಮಾಡಿದ ಪರೀಕ್ಷೆ ಅರ್ಧ ಪರೀಕ್ಷೆ. ನಿಮ್ಮ ಸೆಂಟರಿನವರು ಕೇಳಿದ್ದರಂತೆ, ‘ಮನೇಲಿ ಎಲ್ಲ ಚೆನ್ನಾಗಿದೆಯಾ?’ ಅಂತ. ಅಪ್ಪ ಪಕ್ಕದಲ್ಲೇ ಕೂತಿದ್ದರು. ನೀವು ಹೂಂ ಅಂದಿರಿ, ಮಗನೂ ತಲೆಯಾಡಿಸಿದ. ಇನ್ನೇನು ಮಾಡುತ್ತಾನೆ ಪಾಪ!

ನನಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ನಿಮ್ಮ ಅತ್ತೆಯವರ ಮೇಲೆ. ‘ಹೊರಗೆ ಹೇಳಿದ್ರೆ ಪೊಲೀಸರು ಅಪ್ಪನ್ನ ಹಿಡ್ಕೊಂಡು ಹೋಗ್ತಾರೆ’ ಅಂತ ಆಗ ಆರು ವರ್ಷದವನಾಗಿದ್ದ ಮಗುವಿಗೆ ಹೇಳಿದರಲ್ಲ, ಅಪ್ಪನನ್ನು ಕಾಪಾಡುವ ಭಾರವನ್ನೂ ಅವನ ಮೇಲೆ ಹೊರಿಸಿದರು. ನಿಮ್ಮ ಯಜಮಾನರು ಕುಡಿತ ಬಿಟ್ಟಿದ್ದು ದೊಡ್ಡ ವಿಷಯವೇ. ಆದರೆ ಕುಡಿತ ನಿಂತಿದೆ, ಹೆದರಬೇಡ ಅಂತ ಮಗನಿಗೆ ಯಾರೂ ಹೇಳಿಲ್ಲವಲ್ಲ.

ಅಮೆರಿಕದ ಆಸ್ಟಿನ್‌ನಲ್ಲಿ ಸ್ಟೀಫನ್ ಫಿನ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದ ಒಂದು ಪದ್ಧತಿ ಇದೆ. ಅದರಲ್ಲಿ ಪರೀಕ್ಷೆಯೇ ಚಿಕಿತ್ಸೆಯ ಮೊದಲ ಭಾಗ. ಅಪ್ಪ ಅಮ್ಮ ತಮ್ಮ ಪ್ರಶ್ನೆಗಳನ್ನು ತರಬೇಕು. ‘ಇವನಿಗೆ ಏನಾಗಿದೆ’ ಅನ್ನುವುದರ ಜೊತೆಗೆ ‘ನಮ್ಮ ಮನೆಯಲ್ಲಿ ಏನಾಗಿದೆ’ ಅನ್ನುವುದನ್ನೂ ಕೇಳಿಕೊಳ್ಳುತ್ತಾರೆ. ಕೊನೆಗೆ ಪರೀಕ್ಷೆ ಮಾಡಿದವರು ಮಗುವಿಗೆ ಅರ್ಥವಾಗುವ ಹಾಗೆ, ಅದಕ್ಕಾಗಿಯೇ ಒಂದು ಕಥೆ ಬರೆದು ಓದಿ ಹೇಳುತ್ತಾರೆ. ಅದೇ ಪದ್ಧತಿ ನಿಮ್ಮೂರಲ್ಲಿ ಸಿಗಬೇಕಂತಿಲ್ಲ. ಆದರೆ ಮನೆಯವರನ್ನೂ ಕೂರಿಸಿಕೊಂಡು ನೋಡುವ ಮಕ್ಕಳ ಮನೋವೈದ್ಯರು ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ನಿಮ್ಮೂರಿನಿಂದ ಅದು ದೂರವೇನಲ್ಲ.

ನಾನು ಹೇಳುವುದು ಒಂದೇ ಕೆಲಸ. ಮಗನನ್ನು ಕರೆದುಕೊಂಡು ಹೋಗುವ ಮುಂಚೆ ನೀವೊಬ್ಬರೇ ಡಾಕ್ಟರ ಹತ್ತಿರ ಹೋಗಿ. ಆ ರಾತ್ರಿಯದನ್ನು, ಅತ್ತೆಯ ಮಾತನ್ನು, ಚಪ್ಪಲಿಯ ವಿಷಯವನ್ನು ಪೂರ್ತಿ ಹೇಳಿ. ‘ಸ್ವಲ್ಪ ಗಲಾಟೆ’ ಅನ್ನಬೇಡಿ. ಹೊಡೆದಿದ್ದರೆ ಹೊಡೆದರು ಅನ್ನಿ. ಇದೆಲ್ಲ ಗೊತ್ತಾದ ಮೇಲೂ ಅವರು ಮಾತ್ರೆ ಬೇಕು ಅಂದರೆ ಹೆದರದೆ ಕೊಡಿ. ಅಲ್ಲಿಯವರೆಗೆ ರಿಪೋರ್ಟ್ ಕಪಾಟಿನಲ್ಲೇ ಇರಲಿ, ಶಾಲೆಯವರು ಕಾಯುತ್ತಾರೆ. ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಮತ್ತೆ ಕೈ ಎತ್ತುವ ಸೂಚನೆ ಕಂಡರೆ ಮಹಿಳಾ ಸಹಾಯವಾಣಿ 181 ಇದೆ, ಆಗ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಚಪ್ಪಲಿಗಾಗಿ ಅವನನ್ನು ಬೈಯುವುದನ್ನು ಇವತ್ತೇ ನಿಲ್ಲಿಸಿ.