ಓರಲ್ ಸೆಕ್ಸ್ ನಂತರ ವಸಡಿನಲ್ಲಿ ರಕ್ತ: ಎಚ್‌ಐವಿ ಭಯ ಎಷ್ಟು?

ನಿನ್ನೆ ರಾತ್ರಿ ಸಂಗಾತಿಗೆ ಓರಲ್ ಸೆಕ್ಸ್ ಮಾಡಿದಿರಿ, ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಶ್ ಮೇಲೆ ರಕ್ತ ಕಂಡಿತು, ಅಲ್ವಾ? ಅದು ಹೆಚ್ಚಾಗಿ ವಸಡಿನ ಊತದ ರಕ್ತ, ಎಚ್‌ಐವಿ ಲಕ್ಷಣ ಅಲ್ಲ. ಎಂಜಲಿನಿಂದ ಎಚ್‌ಐವಿ ಹರಡಲ್ಲ. ಓರಲ್ ಸೆಕ್ಸ್‌ನಲ್ಲಿ ಅಪಾಯ ತುಂಬಾನೇ ಕಡಿಮೆ, ಆದರೆ ಪೂರ್ತಿ ಸೊನ್ನೆ ಅಂತ ಹೇಳಲಾಗಲ್ಲ. ಬಾಯಲ್ಲಿ ಹುಣ್ಣಿದ್ದು ವೀರ್ಯ ಒಳಗೆ ಹೋಗಿದ್ದರೆ ಸ್ವಲ್ಪ ಏರಬಹುದು.

ಮೊದಲು ಸಂಗಾತಿಯನ್ನೇ ಕೇಳಿ. ಎಚ್‌ಐವಿ ಇದ್ದರೂ ದಿನಾ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ಸೆಕ್ಸ್‌ನಿಂದ ಹರಡಲ್ಲ.

ಅವರಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲ ಅಂತಾದರೆ, ಅಥವಾ ಉತ್ತರವೇ ಸಿಗದಿದ್ದರೆ, ಇವತ್ತೇ ಡಾಕ್ಟರ್ ಹತ್ತಿರ ಹೋಗಿ ಪೆಪ್ (ಸಂಪರ್ಕದ ನಂತರ ಎಚ್‌ಐವಿ ಅಂಟದಂತೆ ತಡೆಯುವ) ಮಾತ್ರೆ ಬೇಕಾ ಅಂತ ಕೇಳಿ. 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಗೋಬೇಕು. ಓರಲ್‌ಗೆ ಮಾತ್ರ ಅದು ಬೇಕಾಗೋದು ಅಪರೂಪ. ಆದರೂ ಆ ತೀರ್ಮಾನ ಡಾಕ್ಟರ್‌ಗೇ ಬಿಡಿ.

ನಾಳೆಯೇ ಟೆಸ್ಟ್ ಮಾಡಿಸಿದರೆ ನಿನ್ನೆಯದು ಗೊತ್ತಾಗಲ್ಲ, ಸುಮ್ನೆ ಮನಸ್ಸಿಗೆ ಹಿಂಸೆ. ಪೆಪ್ ತಗೊಳ್ಳದಿದ್ದರೆ 45 ದಿನದ ನಂತರ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟ್ (ರಕ್ತದಲ್ಲಿ ವೈರಸ್‌ನ ಅಂಶ ಮತ್ತು ಅದರ ವಿರುದ್ಧದ ಪ್ರತಿಕಾಯ ಎರಡನ್ನೂ ಹುಡುಕುವ ಟೆಸ್ಟ್) ಮಾಡಿಸಿ. ಬೆರಳು ಚುಚ್ಚುವ ರ‍್ಯಾಪಿಡ್ ಟೆಸ್ಟ್ ಆದರೆ 90 ದಿನ ಕಾಯಿರಿ. ಜೊತೆಗೆ ಸೆಕ್ಸ್‌ನಿಂದ ಹರಡುವ ಸಿಫಿಲಿಸ್, ಗೊನೊರಿಯಾ ಸೋಂಕುಗಳ ಪರೀಕ್ಷೆಯನ್ನೂ ಕೇಳಿ. ಬಾಯಿಂದ ಇವು ಎಚ್‌ಐವಿಗಿಂತ ಜಾಸ್ತಿ ಸುಲಭವಾಗಿ ಅಂಟುತ್ತವೆ. ಅಲ್ಲೀವರೆಗೂ ಕಾಂಡೋಮ್ ಬಳಸಿ.