ಮಾತು ಆಯುಧವಾದರೆ, ಅದು ಯಾರ ಕೈಯಲ್ಲಿದೆ?

ನಮಸ್ಕಾರ,

ನೀವು ಕಳಿಸಿದ 'ಮಾತೆಂಬ ಆಯುಧ' ಲೇಖನವನ್ನು ನಿಧಾನವಾಗಿ ಓದಿದೆ. ರಾಜಕೀಯದಲ್ಲಿ, ಸಮಾಜದಲ್ಲಿ ಭಾಷೆಯನ್ನು ಜನರ ಮೇಲೆ ಹೇಗೆ ಪ್ರಯೋಗಿಸುತ್ತಾರೆ ಅನ್ನೋದು ನಿಮ್ಮ ವಿಷಯ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವ ಮನಸ್ಸೂ ಇಲ್ಲ. ಐದನೇ ಪುಟದಲ್ಲಿ ನೀವು ಬರೆದಿರುವ ಅರ್ಧ ಪುಟ ನನ್ನನ್ನು ಬಿಡುತ್ತಿಲ್ಲ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ಮೊದಲು ತೊಂದರೆಗಳು.

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಅನ್ನುವ ಗಾದೆಯಿಂದ ಶುರು ಮಾಡಿದ್ದೀರಿ. ಆಮೇಲೆ ಎರಡು ಪುಟ ಭಾಷೆ ಕತ್ತಿ, ಭಾಷೆ ಬೆಂಕಿ, ಭಾಷೆ ವಿಷ ಅಂತಲೇ ಹೋಗುತ್ತದೆ. ಅಷ್ಟನ್ನೂ ತೆಗೆದುಬಿಡಿ. ಕತ್ತಿ ಅಂದ ಮೇಲೆ ಅದು ಯಾರ ಕೈಯಲ್ಲಿದೆ, ಯಾರ ಮೇಲೆ ಬಿತ್ತು ಅಂತ ಹೇಳಬೇಕಲ್ವಾ? ಎರಡು ಪುಟದಲ್ಲಿ ಮಾತಾಡಿದ ಒಬ್ಬ ಮನುಷ್ಯ ಇಲ್ಲ, ಕೇಳಿಸಿಕೊಂಡ ಒಬ್ಬ ಮನುಷ್ಯನೂ ಇಲ್ಲ. ಒಂದೇ ಪದವನ್ನು ಸಮಾನರು ಜಗಳದಲ್ಲಿ ಅಂದುಕೊಂಡರೆ ಅದು ಬೈಗುಳ. ಅಂದವನ ಹಿಂದೆ ಕಾನೂನು, ಪೊಲೀಸ್, ರೇಡಿಯೋ ಇದ್ದರೆ ಅದೇ ಪದ ಬೇರೆಯೇ ಆಗುತ್ತದೆ. ಈ ವ್ಯತ್ಯಾಸವೇ ನಿಮ್ಮ ಲೇಖನದ ಜೀವ ಆಗಬೇಕಿತ್ತು. ಅದು ಎಲ್ಲೂ ಬಂದಿಲ್ಲ.

ನಾನು ಹೇಳುತ್ತಿರುವುದಕ್ಕೆ ಒಂದು ಉದಾಹರಣೆ ನೋಡಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅನ್ನುವ ಕಾಯ್ದೆ ತಂದಿತು. ಮೊದಲು ಉತ್ತರ ಭಾರತದಲ್ಲಿ, ಮುಂದೆ ಬೇರೆ ಕಡೆಗೂ. ಅಧಿಸೂಚನೆಯಲ್ಲಿ ಒಂದು ಸಮುದಾಯದ ಹೆಸರು ಸೇರಿತು ಅಂದರೆ ಮುಗಿಯಿತು, ಆ ಸಮುದಾಯದವರು ಹುಟ್ಟಿನಿಂದಲೇ ಅಪರಾಧಿಗಳು. ಕದ್ದದ್ದು ಸಾಬೀತಾಗಬೇಕಿಲ್ಲ. ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು, ಕರೆದಾಗ ಹಾಜರಿ ಕೊಡಬೇಕು, ಊರು ಬಿಟ್ಟು ಹೋಗಬೇಕಾದರೆ ಪಾಸ್ ತೋರಿಸಬೇಕು. ಇಲ್ಲಿ ಯಾರೂ ಯಾರಿಗೂ ಕೂಗಿ ಬೈಯಲಿಲ್ಲ. ಒಬ್ಬ ಗುಮಾಸ್ತ ಶಾಂತವಾಗಿ ಕೂತು ಪಟ್ಟಿ ಬರೆದ, ಅಷ್ಟೇ. ಆ ಪಟ್ಟಿಯಿಂದ ಬಿಡುಗಡೆ ಸಿಕ್ಕಿದ್ದು 1952ರ ಆಗಸ್ಟ್ 31ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ. ವಿಮುಕ್ತ ಸಮುದಾಯಗಳು ಅನ್ನುವ ಹೆಸರು ಬಂದದ್ದು ಹಾಗೆ. ಕಾಯ್ದೆ ಹೋದರೂ ರೂಢಿಗತ ಅಪರಾಧಿಗಳು ಅನ್ನುವ ಹೆಸರಿನ ಕಾನೂನುಗಳು ರಾಜ್ಯಗಳಲ್ಲಿ ಉಳಿದುಕೊಂಡವು. ಕಳ್ಳತನ ಆದಾಗ ಮೊದಲು ಇವರ ಮನೆಗೇ ಹೋಗುವ ಚಾಳಿಯೂ ಉಳಿಯಿತು. 'ಭಾಷೆ ವಿಷ' ಅನ್ನುವ ನಿಮ್ಮ ಮಾತಿಗೆ ಇಂಥದ್ದೊಂದು ಪ್ಯಾರಾ ಸಾಕು. ವಿಷ ಅನ್ನುವ ಪದವೇ ಬೇಕಾಗುವುದಿಲ್ಲ.

ಮೂರನೇ ಪುಟದಲ್ಲಿ ಒಂದು ಹೇಳಿಕೆ ಇದೆ: ಸುಳ್ಳನ್ನು ಸಾವಿರ ಸಲ ಹೇಳಿದರೆ ನಿಜವಾಗುತ್ತದೆ ಅಂತ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಹೇಳಿದ್ದನಂತೆ. ಎಲ್ಲರೂ ಬರೆಯುತ್ತಾರೆ, ನೀವೂ ಬರೆದಿದ್ದೀರಿ. ಆದರೆ ಅವನ ಭಾಷಣಗಳಲ್ಲಾಗಲಿ ಬರಹಗಳಲ್ಲಾಗಲಿ ಈ ವಾಕ್ಯ ಇದೆ ಅಂತ ಯಾರೂ ತೋರಿಸಿಲ್ಲ. ಸುಳ್ಳಿನ ವಿರುದ್ಧ ಬರೆಯುವ ಲೇಖನದಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ಇರಬಾರದು. ಅದರ ಜಾಗಕ್ಕೆ ಗಟ್ಟಿಯಾದದ್ದು ಬೇಕಾದರೆ, 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದೆ. ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ಕೊಟ್ಟು ಇವು ಎಷ್ಟು ನಿಜ ಅನಿಸುತ್ತವೆ ಅಂತ ಕೇಳಿದರು. ಎರಡೆರಡು ವಾರ ಬಿಟ್ಟು ಮತ್ತೆ ಕೇಳಿದರು. ಕೆಲವು ಹೇಳಿಕೆಗಳು ಪ್ರತಿ ಸಲವೂ ಬರುತ್ತಿದ್ದವು, ಉಳಿದವು ಹೊಸವು. ಮತ್ತೆ ಮತ್ತೆ ಬಂದ ಹೇಳಿಕೆಗಳ ಮೇಲೆ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಏರಿತು, ಅವು ನಿಜವಾಗಿದ್ದರೂ ಸರಿ, ಸುಳ್ಳಾಗಿದ್ದರೂ ಸರಿ. ಏರಿದ್ದು 'ಸ್ವಲ್ಪ' ಅನ್ನೋದನ್ನು ಬಿಡದೆ ಬರೆಯಿರಿ. ಜನ ಮೂರ್ಖರು ಅನ್ನುವುದು ಆ ಪ್ರಯೋಗದ ಅರ್ಥ ಅಲ್ಲ. ಕೇಳಿ ಕೇಳಿ ಪರಿಚಯ ಆದದ್ದನ್ನು ನಂಬುವುದು ಮನಸ್ಸಿಗೆ ಸುಲಭ. ನನಗೂ ಸುಲಭ, ನಿಮಗೂ ಸುಲಭ.

ಈಗ ಏಳನೇ ಪುಟ. ನಿಜ ಹೇಳಬೇಕೆಂದರೆ ಲೇಖನ ನಿಂತುಹೋದದ್ದು ಇಲ್ಲೇ. ನಿಮಗೆ ಆಗದ ಪಕ್ಷದ ಬೆಂಬಲಿಗರನ್ನು ಕುರಿಮಂದೆ ಅಂದಿದ್ದೀರಿ, ಕ್ರಿಮಿಗಳು ಅಂದಿದ್ದೀರಿ, ಇವರನ್ನು 'ಸ್ವಚ್ಛ ಮಾಡದೆ' ದೇಶ ಉಳಿಯದು ಅಂದಿದ್ದೀರಿ. ಸಿಟ್ಟಿನಲ್ಲಿ ಬರೆದದ್ದು ಅಂತ ಗೊತ್ತಾಗುತ್ತದೆ. ಸಿಟ್ಟಿಗೆ ಕಾರಣ ಇದೆ ಅಂತಲೂ ಒಪ್ಪುತ್ತೇನೆ. ಆದರೆ ಈ ಪದಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಅನ್ನೋದನ್ನು ಒಮ್ಮೆ ನೋಡಿ.

ಆಫ್ರಿಕಾದ ರುವಾಂಡಾದಲ್ಲಿ ಬಹುಸಂಖ್ಯಾತ ಹುಟು ಮತ್ತು ಅಲ್ಪಸಂಖ್ಯಾತ ಟುಟ್ಸಿ, ಎರಡೂ ಸಮುದಾಯದವರು ಆಡುವುದು ಒಂದೇ ಭಾಷೆ, ಕಿನ್ಯರವಾಂಡಾ. ಆ ಭಾಷೆಯಲ್ಲಿ 'ಇನ್ಯೆಂಜಿ' ಅಂದರೆ ಜಿರಳೆ. 1960ರ ದಶಕದಲ್ಲಿ ಆ ಹೆಸರು ಗಡಿಯಾಚೆಯಿಂದ ಬಂದು ದಾಳಿ ಮಾಡುತ್ತಿದ್ದ ಟುಟ್ಸಿ ಬಂಡುಕೋರರಿಗೆ ಮಾತ್ರ ಇತ್ತು. 1990ರ ದಶಕದ ಹೊತ್ತಿಗೆ ಅದು ಎಲ್ಲ ಟುಟ್ಸಿಗಳಿಗೂ ಅಂಟಿತು. ಹೊಲ ಉಳುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಹೆರಿಗೆಗೆ ಬಂದ ಹೆಂಗಸರಿಗೆ. 1993ರ ಜುಲೈನಲ್ಲಿ ಹುಟು ಉಗ್ರವಾದಿಗಳ ಆರ್‌ಟಿಎಲ್‌ಎಂ ಅನ್ನುವ ರೇಡಿಯೋ ಶುರುವಾಯಿತು. ಅದು ಜನಪ್ರಿಯ ಹಾಡು ಹಾಕುತ್ತಿತ್ತು, ನಗಿಸುತ್ತಿತ್ತು, ಕೇಳುಗರ ಜೊತೆ ಹರಟೆ ಹೊಡೆಯುತ್ತಿತ್ತು. ಹಾಡುಗಳ ನಡುವೆ ಜಿರಳೆಗಳ ಮಾತು ಬರುತ್ತಿತ್ತು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಮೇಲೆ ಕೊಲೆಗಳು ಶುರುವಾದವು. ಅದೇ ರೇಡಿಯೋ ಕೊಲ್ಲಬೇಕಾದವರ ಹೆಸರು ಓದಿತು, ಅವರು ಎಲ್ಲಿದ್ದಾರೆ ಅಂತಲೂ ಹೇಳಿತು. ಕೊಲೆಗೆ ಬಳಸುತ್ತಿದ್ದ ಪದ 'ಕೆಲಸ'. ಸುಮಾರು ನೂರು ದಿನಗಳಲ್ಲಿ ಸತ್ತವರು 8 ಲಕ್ಷದಷ್ಟು ಅಂತ ಅಂದಾಜು.

2003ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಮೂವರನ್ನು ತಪ್ಪಿತಸ್ಥರು ಅಂದಿತು. ಇಬ್ಬರು ಆ ರೇಡಿಯೋ ಕಟ್ಟಿದವರು. ಮೂರನೆಯವನು ಒಂದು ಪತ್ರಿಕೆಯ ಸಂಪಾದಕ. ಮೇಲ್ಮನವಿಯಲ್ಲಿ ಕೆಲವು ಆರೋಪ ಬಿದ್ದುಹೋದವು, ಶಿಕ್ಷೆಯೂ ಕಡಿಮೆಯಾಯಿತು, ಆದರೆ ಮೂವರಲ್ಲಿ ಯಾರೂ ಖುಲಾಸೆಯಾಗಲಿಲ್ಲ. ಇದಕ್ಕೂ ಮೊದಲು, 1946ರಲ್ಲಿ, ನಾಜಿ ನಾಯಕರ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ನಾಜಿ ಪತ್ರಿಕೆ ನಡೆಸುತ್ತಿದ್ದ ಯೂಲಿಯಸ್ ಸ್ಟ್ರೈಖರ್ ಗಲ್ಲಿಗೇರಿದ್ದು ತನ್ನ ಪತ್ರಿಕೆಯಲ್ಲಿ ಯಹೂದಿಗಳ ನಾಶಕ್ಕೆ ಕುಮ್ಮಕ್ಕು ಕೊಟ್ಟದ್ದಕ್ಕೆ. ಸಂಪಾದಕರ ಕುರ್ಚಿಯಲ್ಲಿ ಕೂತವರು ಇದನ್ನು ಮರೆಯುವಂತಿಲ್ಲ. 'ಕ್ರಿಮಿಗಳು' ಅನ್ನುವ ಪದ ನಿಮ್ಮದಾದರೂ ಅಚ್ಚು ಹಾಕುವ ಕೈ ನನ್ನದು.

ಅವರೂ ನಮ್ಮನ್ನು ಹಾಗೇ ಅಂತಾರಲ್ಲ ಅಂತ ನೀವು ಕೇಳಬಹುದು. ಅನ್ನುತ್ತಾರೆ. ಅದನ್ನು ಬರೆಯಿರಿ. ಯಾರು ಅಂದರು, ಯಾವ ಸಭೆಯಲ್ಲಿ, ಯಾವ ದಿನ, ಎದುರು ಎಂಥ ಜನ ಇದ್ದರು, ಮಾರನೇ ದಿನ ಏನಾಯಿತು. ಮೆತ್ತಗೆ ಬರೆಯಿರಿ ಅಂತ ನಾನು ಕೇಳುತ್ತಿಲ್ಲ. ಸುಳ್ಳು ಹೇಳಿದವರನ್ನು ಸುಳ್ಳುಗಾರ ಅನ್ನಿ, ಲಂಚ ತಿಂದವರನ್ನು ಲಂಚಕೋರ ಅನ್ನಿ. ಅದು ಅವರು ಮಾಡಿದ ಕೆಲಸಕ್ಕೆ ಕೊಟ್ಟ ಹೆಸರು, ಸಾಕ್ಷಿ ಕೊಟ್ಟು ನಿಲ್ಲಿಸಬಹುದು. ಕ್ರಿಮಿ ಅನ್ನೋದಕ್ಕೆ ಸಾಕ್ಷಿ ಕೊಡಲು ಬರುವುದಿಲ್ಲ. ಅದು ಮಾಡಿದ ಕೆಲಸದ ಮಾತಲ್ಲ, ಹುಟ್ಟಿನ ಮಾತು. 1871ರ ಕಾಯ್ದೆ ಹೇಳಿದ್ದೂ ಅದನ್ನೇ.

ಇನ್ನೊಂದು ಕೊರತೆ. ನೀವು ಕೂಗುವ ಮಾತುಗಳನ್ನು ಮಾತ್ರ ಹಿಡಿದಿದ್ದೀರಿ. ಮೆಲ್ಲಗೆ ಆಡುವ ಮಾತುಗಳು ಜಾಸ್ತಿ ಕೆಲಸ ಮಾಡುತ್ತವೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಅದಕ್ಕೆ ಅಲ್ಲಿನ ಸರ್ಕಾರ ಕೊಟ್ಟ ಹೆಸರು 'ವಿಶೇಷ ಸೇನಾ ಕಾರ್ಯಾಚರಣೆ'. ಯುದ್ಧ, ದಾಳಿ ಅನ್ನುವ ಪದ ಬಳಸಬೇಡಿ ಅಂತ ಮಾಧ್ಯಮಗಳಿಗೆ ಹೇಳಿದರು. ಮಾರ್ಚ್ ಮೊದಲ ವಾರದಲ್ಲೇ ಹೊಸ ಕಾನೂನು ಬಂತು. ಸೇನೆಯ ಬಗ್ಗೆ ಸರ್ಕಾರ 'ಸುಳ್ಳು' ಅನ್ನುವುದನ್ನು ಹರಡಿದರೆ 15 ವರ್ಷದವರೆಗೆ ಜೈಲು. ಆ ದಿನಗಳಲ್ಲಿ ಬರೀ ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎತ್ತಿಕೊಂಡು ಹೋದರು. ಒಂದು ಪದವನ್ನು ಬಾಯಿಂದ ಕಿತ್ತುಕೊಳ್ಳುವುದೂ ಭಾಷೆಯನ್ನು ಆಯುಧ ಮಾಡಿಕೊಳ್ಳುವುದೇ. ಇದು ನಿಮ್ಮ ಲೇಖನಕ್ಕೆ ಬರಲೇಬೇಕು.

ಅಷ್ಟು ದೂರ ಹೋಗದಿದ್ದರೂ ನಡೆಯುತ್ತದೆ. ನಾಲ್ಕನೇ ಪುಟದಲ್ಲಿ ನೀವೇ ಬರೆದ ಸಾಲು ಇದು: 'ಗಲಭೆಯಲ್ಲಿ ಅಂಗಡಿಗಳು ಸುಟ್ಟುಹೋದವು, ಇಬ್ಬರು ಪ್ರಾಣ ಕಳೆದುಕೊಂಡರು, ನಂತರ ಲಘು ಲಾಠಿ ಪ್ರಹಾರ ನಡೆಯಿತು.' ಮೂರು ಕ್ರಿಯಾಪದ ಇವೆ, ಮಾಡಿದವರು ಒಬ್ಬರೂ ಇಲ್ಲ. ಅಂಗಡಿ ತಾನಾಗಿ ಸುಟ್ಟುಹೋಯಿತಾ? 'ಪ್ರಾಣ ಕಳೆದುಕೊಂಡರು' ಅಂದರೆ ತಪ್ಪೆಲ್ಲ ಸತ್ತವರ ಕಡೆಗೇ ವಾಲುತ್ತದೆ. ಲಘು ಅಂತ ತೀರ್ಮಾನ ಮಾಡಿದವರು ಯಾರು, ಹೊಡೆದವರಾ, ಪೆಟ್ಟು ತಿಂದವರಾ? ನಮ್ಮ ಕನ್ನಡದಲ್ಲಿ ಹೀಗೆ ಬರೆಯುವುದು ತುಂಬಾ ಸುಲಭ. ಒಡೆದರು ಅನ್ನುವ ಬದಲು ಒಡೆಯಿತು, ಸುಟ್ಟರು ಅನ್ನುವ ಬದಲು ಸುಟ್ಟುಹೋಯಿತು, ಮನೆ ಕೆಡವಿದರು ಅನ್ನುವ ಬದಲು ತೆರವು ಕಾರ್ಯಾಚರಣೆ ನಡೆಯಿತು. ವಾಕ್ಯ ಸರಾಗವಾಗಿ ಇರುತ್ತದೆ, ಹೊಣೆ ಮಾತ್ರ ಮಾಯ. ಸುದ್ದಿ ಬರೆಯುವವರಿಗೆ ಇದು ಅಭ್ಯಾಸವಾಗಿ ಹೋಗಿದೆ. ನಿಮಗೂ ಆ ಅಭ್ಯಾಸವೇ ಬಂದಿರಬೇಕು.

ಆ ಸಾಲನ್ನು ಹೀಗೆ ಬರೆದು ನೋಡಿ: 'ಗುಂಪೊಂದು ಅಂಗಡಿಗಳಿಗೆ ಬೆಂಕಿ ಇಟ್ಟಿತು. ಇಬ್ಬರನ್ನು ಕೊಂದರು, ಕೊಂದವರು ಯಾರೆಂದು ಇನ್ನೂ ಗೊತ್ತಾಗಿಲ್ಲ. ಆಮೇಲೆ ಪೊಲೀಸರು ಜನರಿಗೆ ಲಾಠಿಯಿಂದ ಹೊಡೆದರು.' ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ, ಊಹೆಯಿಂದ ಯಾರ ತಲೆಗೂ ಕಟ್ಟಬೇಡಿ. ಆದರೆ ಮಾಡಿದವರು ಇದ್ದಾರೆ ಅನ್ನೋದು ವಾಕ್ಯದಲ್ಲಿ ಕಾಣಬೇಕು.

ಢಾಕಾದ 1952ರ ಭಾಷಾ ಹೋರಾಟ, ಶ್ರೀಲಂಕಾದ 1956ರ ಸಿಂಹಳ ಕಾಯ್ದೆ, ದಕ್ಷಿಣ ಆಫ್ರಿಕಾದ ಸೊವೆಟೋದಲ್ಲಿ 1976ರ ವಿದ್ಯಾರ್ಥಿಗಳ ಪ್ರತಿಭಟನೆ, ಇವನ್ನೆಲ್ಲ ಒಂದೇ ಪ್ಯಾರಾದಲ್ಲಿ ತುರುಕಿದ್ದೀರಿ. ಒಂದು ಭಾಷೆಯನ್ನು ಜನರ ಮೇಲೆ ಹೇರುವುದು ಬೇರೆ ವಿಷಯ, ಅದಕ್ಕೆ ಬೇರೆಯೇ ಲೇಖನ ಬೇಕು. ಈಗ ಬಿಡಿ, ಮುಂದೆ ಬರೆಯಿರಿ.

ಇನ್ನು ಐದನೇ ಪುಟ. ಕಾಲೇಜಿನಲ್ಲಿ ಉಪನ್ಯಾಸಕರೊಬ್ಬರು ಹಾಜರಿ ಕರೆಯುವಾಗ ಎಲ್ಲರನ್ನೂ ಹೆಸರು ಹಿಡಿದು ಕರೆದು, ನಿಮ್ಮ ಸಹಪಾಠಿ ಒಬ್ಬನಿಗೆ ಮಾತ್ರ 'ಕೋಟಾ ಬಂದಿದೆಯಾ?' ಅನ್ನುತ್ತಿದ್ದರು ಅಂತ ಬರೆದಿದ್ದೀರಿ. ಮೊದಲು ಕ್ಲಾಸ್ ನಕ್ಕಿತು. ಕೆಲವೇ ದಿನಗಳಲ್ಲಿ ಹಾಸ್ಟೆಲಿನಲ್ಲೂ ಅವನ ಹೆಸರು ಅದೇ ಆಯಿತು. ಅಷ್ಟು ಹೇಳಿ 'ಇದೇ ಭಾಷೆಯ ಹಿಂಸೆ' ಅಂತ ಷರಾ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾಕೆ ಹೋದಿರಿ? ನೀವು ಹೇಳಲು ಒದ್ದಾಡಿದ್ದೆಲ್ಲ ಇಲ್ಲೇ ಇದೆ. ರಿಜಿಸ್ಟರ್ ಇದೆ, ಅದನ್ನು ಹಿಡಿದ ಕೈ ಇದೆ, ಅಂಕ ಕೊಡುವ ಅಧಿಕಾರ ಇದೆ, ಬಂದಿದ್ದಾನೆ ಅನ್ನದೆ ಬಂದಿದೆ ಅನ್ನುವ ಬಾಯಿ ಇದೆ, ನಗುವ ಕ್ಲಾಸ್ ಇದೆ. ಆ ಹುಡುಗ ಏನು ಉತ್ತರ ಕೊಡುತ್ತಿದ್ದ? ಹಾಜರ್ ಅನ್ನುತ್ತಿದ್ದನಾ, ಕೈ ಎತ್ತುತ್ತಿದ್ದನಾ, ಕ್ಲಾಸಿಗೆ ಬರುವುದನ್ನೇ ಬಿಟ್ಟನಾ? ನೀವು ಯಾವ ಬೆಂಚಿನಲ್ಲಿದ್ದಿರಿ, ನಕ್ಕವರಲ್ಲಿ ನೀವೂ ಇದ್ದಿರಾ? ಇದನ್ನು ಬರೆಯದೆ ರುವಾಂಡಾದ ಬಗ್ಗೆ ಬರೆದರೆ ಓದುಗರು ನಿಮ್ಮನ್ನು ನಂಬುವುದಿಲ್ಲ.

ಲೇಖನ ಇಲ್ಲಿಂದ ಶುರುವಾಗಲಿ, ಜಾಸ್ತಿ ಹೊತ್ತು ಇಲ್ಲೇ ಇರಲಿ. ಹಳೆಯ ಕಾಯ್ದೆಯ ಹಾಜರಿ ಪುಸ್ತಕ ಬೇಕಾದರೆ ಇದರ ಪಕ್ಕಕ್ಕೆ ಬರಲಿ. ಒಂಬತ್ತು ಪುಟ ಬೇಡ, ನಾಲ್ಕು ಸಾಕು. ಅವಸರವೂ ಬೇಡ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ಆ ಸಹಪಾಠಿ ಈಗ ಎಲ್ಲಿದ್ದಾರೋ ವಿಚಾರಿಸಿ, ಮಾತಾಡಿ. ಹೀಗೊಂದು ಬರೆಯುತ್ತಿದ್ದೇನೆ, ನಿಮ್ಮ ಒಪ್ಪಿಗೆ ಇದೆಯಾ ಅಂತ ಕೇಳಿ. ಗುರುತು ಸಿಗದ ಹಾಗೆ ಊರು, ವರ್ಷ, ವಿಷಯ ಬದಲಾಯಿಸಿ. ಅವರು ನೆನಪಿಟ್ಟುಕೊಂಡಿರುವುದು ನಿಮ್ಮ ನೆನಪಿಗಿಂತ ಬೇರೆ ಆಗಿದ್ದರೆ ಅವರದ್ದನ್ನು ಬರೆಯಿರಿ. ಬೇಡ ಅಂದರೆ ಆ ಭಾಗ ಬೇಡ. ಆಗ ನನಗೆ ಒಂದು ಸಾಲು ಬರೆಯಿರಿ, ಲೇಖನವನ್ನು ಬೇರೆ ಎಲ್ಲಿಂದ ಎತ್ತಿಕೊಳ್ಳಬಹುದು ಅಂತ ಇಬ್ಬರೂ ಕೂತು ನೋಡೋಣ.

ವಂದನೆಗಳೊಂದಿಗೆ,
ಸಂಪಾದಕ