ಕೈ ಎತ್ತಿದರೆ ಕೋಟೂ ಮೇಲೇರುತ್ತದೆ, ಏನು ಮಾಡಲಿ?

ಪ್ರಶ್ನೆ: ಮಗನ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಈಸೂರು ಹೋರಾಟದ ನಾಟಕವಿದೆ. ಅವನಿಗೆ ಹನ್ನೆರಡು ವರ್ಷ, ಅಮಲ್ದಾರನ ಪಾತ್ರ. ಟೆರಿಕಾಟ್‌ನಲ್ಲಿ ಕ್ಲೋಸ್ ಕೋಟ್ ಮನೆಯಲ್ಲೇ ಹೊಲಿದೆ. ಬೆತ್ತ ಎತ್ತಿ ಗದರಿಸುವಾಗ ಇಡೀ ಕೋಟು ಮೇಲೆ ಹೋಗಿ ಕಾಲರ್ ಗಂಟಲು ಒತ್ತುತ್ತದೆ. ಬಿಗಿಯಾಗಿರಬೇಕು ಅಂದುಕೊಂಡು ಆರ್ಮ್‌ಹೋಲ್ (ತೋಳು ಕೂಡಿಸುವ ಕಿಂಡಿ) ಒಂದೂವರೆ ಇಂಚು ಇಳಿಸಿದೆ, ತೋಳನ್ನೂ ದೊಡ್ಡದಾಗಿ ಹೊಸದಾಗಿ ಕತ್ತರಿಸಿದೆ. ಈಗ ಮೊದಲಿಗಿಂತ ಜಾಸ್ತಿ ಎಳೆಯುತ್ತಿದೆ, ಭುಜದ ಮೇಲೆ ನೆರಿಗೆ ಬೇರೆ. ಬಟ್ಟೆ ಸ್ವಲ್ಪವೇ ಉಳಿದಿದೆ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಆರ್ಮ್‌ಹೋಲ್ ಇಳಿಸಿದ್ದೇ ಎಡವಟ್ಟು. ನೀವೊಬ್ಬರೇ ಅಲ್ಲ, ಹೊಲಿಗೆ ಕಲಿಯುವವರೆಲ್ಲ ಒಮ್ಮೆ ಮಾಡುವ ತಪ್ಪಿದು. ನಾನೂ ಮಾಡಿದ್ದೇನೆ.

ಕನ್ನಡಿ ಮುಂದೆ ಹುಡುಗನನ್ನು ನಿಲ್ಲಿಸಿ ನೋಡಿ. ಕಂಕುಳ ಹೊಲಿಗೆ ಕೆಳಗಿದ್ದಷ್ಟೂ ಅಲ್ಲಿಂದ ಸೊಂಟದವರೆಗಿನ ಬಟ್ಟೆ ಗಿಡ್ಡವಾಗುತ್ತದೆ. ಕೈ ಎತ್ತಿದಾಗ ಬೇಕಾದ ಉದ್ದ ಅಲ್ಲಿ ಸಿಗುವುದಿಲ್ಲ, ತೋಳು ಕೋಟನ್ನೇ ಎಳೆದುಕೊಂಡು ಮೇಲೇರುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದರೇ ಕೈ ಸಲೀಸು. ಕೇಳಲು ತಿರುಗುಮುರುಗು ಅನ್ನಿಸುತ್ತದೆ, ಅಲ್ವಾ?

ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಹಳೇ ಜುಬ್ಬಗಳ ಉಪಾಯ ಮಾಡಿ: ಕಂಕುಳಿಗೆ ಚೌಕ ತುಂಡು. ಉಳಿದ ಬಟ್ಟೆಯಲ್ಲಿ ನಾಲ್ಕು ಇಂಚಿನ ಎರಡು ಚೌಕಗಳನ್ನು ಬಟ್ಟೆಯ ನೂಲಿನ ನೇರಕ್ಕೆ ಕತ್ತರಿಸಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ ಮೂರು ಇಂಚು ಉಳಿಯುತ್ತದೆ. ತೋಳಿನ ಅಡಿಹೊಲಿಗೆ ಮತ್ತು ಪಕ್ಕದ ಹೊಲಿಗೆಯನ್ನು ಕಂಕುಳಿನಿಂದ ಮೂರು ಮೂರು ಇಂಚು ಬಿಚ್ಚಿ. ಆರ್ಮ್‌ಹೋಲ್ ಹೊಲಿಗೆ ಹಾಗೇ ಇರಲಿ. ಚೌಕದ ಒಂದು ಮೂಲೆ ತೋಳಿನ ಕಡೆ, ಎದುರು ಮೂಲೆ ಸೊಂಟದ ಕಡೆ ಬರುವಂತೆ ಕೂರಿಸಿ. ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ, ಬೆತ್ತ ಎತ್ತುವಾಗ ಬೇಕಾದ್ದೂ ಅದೇ ದಿಕ್ಕಿನ ಹಿಗ್ಗು. ನಾಲ್ಕೂ ಮೂಲೆಯಲ್ಲಿ ಎರಡು ಮೂರು ಸಲ ಹೊಲಿಗೆ ಹಿಂದೆ ಮುಂದೆ ಓಡಿಸಿ, ಹರಿಯುವುದು ಅಲ್ಲೇ. ಬಟ್ಟೆ ಸಾಲದಿದ್ದರೆ ಅದೇ ಬಣ್ಣದ ಬೇರೆ ತುಂಡು ಹಾಕಿ. ಅಮಲ್ದಾರರ ಕಂಕುಳನ್ನು ಯಾರೂ ನೋಡುವುದಿಲ್ಲ.

ಭುಜದ ನೆರಿಗೆ ಅಂದಾಜಿನಲ್ಲಿ ಕತ್ತರಿಸಿದ್ದರ ಫಲ. ಚೌಕ ಕೂರಿಸುವ ಮೊದಲೇ ತೋಳನ್ನು ಬಿಚ್ಚಿ, ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಬೀಳುವ ಗೆರೆಯಲ್ಲೇ ಅಳೆಯಿರಿ. ತೋಳಿನ ಗುಂಡು, ಅಂದರೆ ಭುಜಕ್ಕೆ ಕೂಡುವ ಬಾಗಿದ ಅಂಚು, ಆರ್ಮ್‌ಹೋಲ್‌ಗಿಂತ ಒಂದಿಂಚು ಉದ್ದವಿದ್ದರೆ ಸಾಕು. ಉಣ್ಣೆ ಬಟ್ಟೆ ಇನ್ನಷ್ಟು ನುಂಗುತ್ತದೆ, ಟೆರಿಕಾಟ್ ಹಟಮಾರಿ. ಜಾಸ್ತಿ ಇದ್ದರೆ ಗುಂಡಿನ ನೆತ್ತಿಯನ್ನು ಕಾಲು ಕಾಲು ಇಂಚಾಗಿ ಇಳಿಸುತ್ತಾ ಬನ್ನಿ, ಪ್ರತಿ ಸಲ ಅಳೆಯುತ್ತಾ. ಉಳಿದ ಒಂದಿಂಚನ್ನು ಅಡಗಿಸಲು ಮೇಲಿನ ಅರ್ಧಭಾಗಕ್ಕೆ ಎರಡು ಸಾಲು ಉದ್ದ ಹೊಲಿಗೆ ಹಾಕಿ, ದಾರ ಮೆಲ್ಲಗೆ ಎಳೆದು ಇಸ್ತ್ರಿಯ ಹಬೆ ಕೊಡಿ.

ಕೂಡಿಸುವ ಮೊದಲು ಎಡ ಬಲ ನೋಡಿಕೊಳ್ಳಿ. ಹೆಚ್ಚು ಒಳಗೆ ಬಾಗಿದ ಕಡೆ ಎದೆಗೆ ಬರಬೇಕು. ಒಮ್ಮೆ ಪ್ರದರ್ಶನದ ಹಿಂದಿನ ರಾತ್ರಿ ನಾನು ಎರಡೂ ಎಡಗೈ ತೋಳನ್ನೇ ಕತ್ತರಿಸಿ ಕೂತಿದ್ದೆ. ಆ ಕೋಟನ್ನು ಕೊನೆಗೆ ತೋಳಿಲ್ಲದ ವೇಸ್ಟ್‌ಕೋಟ್ ಮಾಡಿದೆವು.

ಮೊದಲು ಕಚ್ಚಾ ಹೊಲಿಗೆ ಹಾಕಿ, ಹುಡುಗನ ಕೈಗೆ ಬೆತ್ತ ಕೊಟ್ಟು ಗದರಿಸಲು ಹೇಳಿ. ತೋಳಿನ ಹಿಂಭಾಗದಲ್ಲಿ ಓರೆ ಗೆರೆ ಬಿದ್ದರೆ ತೋಳನ್ನು ಅರ್ಧ ಇಂಚು ಮುಂದಕ್ಕೋ ಹಿಂದಕ್ಕೋ ತಿರುಗಿಸಿ. ಗೆರೆ ಹೋದ ಜಾಗವೇ ಸರಿ. ತೋಳಿನ ಉದ್ದವನ್ನು ಮೊಣಕೈ ಮಡಿಸಿ ನೋಡಿ. ಒಳಗೆ ಒಂದಿಂಚು ಮಡಿಕೆ ಬಿಡಿ, ಮುಂದಿನ ವರ್ಷಕ್ಕೂ ಆದೀತು.

ಗುಂಡುಪಿನ್ನನ್ನು ಮಾತ್ರ ರಾತ್ರಿಯಿಡೀ ಬಟ್ಟೆಯಲ್ಲಿ ಬಿಡಬೇಡಿ. ನಮ್ಮ ಮಳೆಗಾಲದ ಥಂಡಿಗೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಕಲೆ ಕೂತಿರುತ್ತದೆ.